ಶುಕ್ರವಾರದ ಖಾಲಿ ಹಾಳೆ

“ಗುರುಗಳೇ, ಕೆಟ್ಟವರು ಕಟ್ಟಿದ ಮನೆಗೆ ಒಳ್ಳೆಯವನೊಬ್ಬ ಯಜಮಾನನಾದರೆ ಸಾಲದೇ? ಮನೆಯೂ ಒಳ್ಳೆಯದಾಗುವುದಿಲ್ಲವೇ?”

ಹೀಗೆ ಕೇಳಿದವನು ಮುಲೆಂಗ. ಆಫ್ರಿಕಾದ ದೊಡ್ಡದೊಂದು ಸರೋವರದ ದಂಡೆಯ ದೇಶ ಅವನದು. ಬಿಳಿಯರು ಬಿಟ್ಟುಹೋದ ಗುಪ್ತಚರ ಇಲಾಖೆಯನ್ನು ಸರಿಪಡಿಸು ಎಂದು ಸರ್ಕಾರ ಅವನನ್ನು ಅದರ ಮುಖ್ಯಸ್ಥನನ್ನಾಗಿ ಮಾಡಿತ್ತು. ಸೋಮವಾರ ಅಧಿಕಾರ ವಹಿಸಿಕೊಳ್ಳಬೇಕು. ಅದಕ್ಕೆ ಮುಂಚೆ, ಅಕ್ಷರ ಕಲಿಸಿದ ಗುರುವಿನ ಆಶೀರ್ವಾದ ಬೇಡಲು ಬಂದಿದ್ದ. ಗುರುಗಳು ಸರೋವರದ ಆಚೆ ದಂಡೆಯ ದೇಶದಿಂದ ಬಂದು ಈ ಊರಿನಲ್ಲಿ ನೆಲೆಸಿದವರು. ಮೊದಲು ಏನಾಗಿದ್ದಿರಿ ಎಂದು ಅವರನ್ನು ಯಾರೂ ಕೇಳಿರಲಿಲ್ಲ.

ಅವರು ಅಂಗಳದಲ್ಲಿ ಕುಳಿತು ಮೀನಿನ ಬಲೆ ಹೆಣೆಯುತ್ತಿದ್ದರು. ಹಾಕಿದ ಗಂಟು ಜಾರಿತು. ಮತ್ತೆ ಹಾಕಿದರು.

“ಒಳ್ಳೆಯವನು ಅಂದರೆ ನೀನೇ ತಾನೆ?” ಎಂದು ಕೆಣಕಿದರು. ಮುಲೆಂಗ ತಲೆ ತಗ್ಗಿಸಿದ. “ನಾಚಿಕೆ ಯಾಕಪ್ಪ? ಒಂದು ಕತೆ ಹೇಳುತ್ತೇನೆ, ಕೇಳು. ನಡುವೆ ಬಾಯಿ ಹಾಕಬೇಡ.”

ಅವರು ಹೇಳಿದ ಕತೆ ಇದು.

ಆಚೆ ದಂಡೆಯಲ್ಲಿಯೂ ಬಿಳಿಯರ ಕಾಲದಲ್ಲಿ ಇಂಥದೇ ಒಂದು ಇಲಾಖೆಯಿತ್ತು. ಜನ ಅದನ್ನು ಕಿವಿಮನೆ ಎನ್ನುತ್ತಿದ್ದರು. ಊರಿಗೊಬ್ಬ ಕೇಳುಗ. ಸಂತೆಯಲ್ಲಿ, ಹೆಂಡದಂಗಡಿಯಲ್ಲಿ, ಕಡೆಗೆ ಸಾವಿನ ಮನೆಯಲ್ಲಿ ಕೂಡ ಅವನು ಮೈಯೆಲ್ಲ ಕಿವಿಯಾಗಿ ಕೂತಿರುತ್ತಿದ್ದ. ಕೇಳಿದ್ದನ್ನು ಬರೆದು ಪ್ರತಿ ಶುಕ್ರವಾರ ತಂದು ಒಪ್ಪಿಸಬೇಕು. ಖಾಲಿ ಹಾಳೆ ತರುವಂತಿಲ್ಲ.

ಇಲ್ಲಿಗಿಂತ ಎಷ್ಟೋ ವರ್ಷ ಮುಂಚೆ ಅಲ್ಲಿ ಸ್ವಾತಂತ್ರ್ಯ ಬಂತು. ಹೊಸ ಅಧ್ಯಕ್ಷರು ಕಿವಿಮನೆಯನ್ನು ಒಬ್ಬ ಮನುಷ್ಯನ ಕೈಗೆ ಕೊಟ್ಟರು. ಅವನನ್ನೇ ಯಾಕೆ ಆರಿಸಿದರೆಂದರೆ, ಕಿವಿಮನೆಯ ವರದಿಯೊಂದರಿಂದಲೇ ಅವನು ಆರು ವರ್ಷ ಜೈಲಿನಲ್ಲಿ ಕೊಳೆತಿದ್ದ. ಅದರ ನೋವು ತಿಂದವನಿಗಿಂತ ಚೆನ್ನಾಗಿ ಅದನ್ನು ಸರಿಪಡಿಸುವವರು ಯಾರು ಎಂದು ಎಲ್ಲರೂ ಅಂದರು. ಅವನೂ ಅಂದುಕೊಂಡ.

ಜೈಲಿನಲ್ಲಿ ಅವನ ಜೊತೆ ಒಂದೇ ಕೋಣೆಯಲ್ಲಿದ್ದವನು ಕಪಾಸ. ಬಲೆ ಹೆಣೆಯುವುದು ಅವನ ಕಸುಬು. ಹೊತ್ತು ಹೋಗಲೆಂದು ಕಂಬಳಿಯ ನೂಲು ಕಿತ್ತು ಗೆಳೆಯನಿಗೆ ಗಂಟು ಹಾಕುವುದನ್ನು ಕಲಿಸಿದ. ಗೆಳೆಯನ ಗಂಟೋ, ಎಳೆದರೆ ಬಿಚ್ಚಿಕೊಳ್ಳುತ್ತಿತ್ತು. ಕಪಾಸ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಎಂಥ ನಗು ಅದು! ಪಹರೆಯವನು ಬಾಗಿಲು ಬಡಿದು ಗದರಿಸಿದರೂ ನಿಲ್ಲುತ್ತಿರಲಿಲ್ಲ. ಆ ಆರು ವರ್ಷ ಅವನ ಗೆಳೆಯನಿಗೆ ಹುಚ್ಚು ಹಿಡಿಯದೆ ಉಳಿದದ್ದು ಆ ನಗುವಿನಿಂದ. ಬಿಡುಗಡೆಯಾದ ಮೇಲೆ ಕಪಾಸ ದೋಣಿಕಟ್ಟೆಗೆ, ತನ್ನ ಬಲೆಗಳಿಗೆ ಹೋದ. ಇವನು ಕಿವಿಮನೆಗೆ ಹೋದ.

ಹೋದವನು ಸುಮ್ಮನೆ ಕೂರಲಿಲ್ಲ. ಕಿವಿಮನೆಯ ಹೆಸರು ಬದಲಾಯಿಸಿದ. ಹೊಡೆಯುವ ಕೋಣೆಗೆ ಬೀಗ ಹಾಕಿಸಿ ಬೆತ್ತಗಳನ್ನೆಲ್ಲ ಒಲೆಗೆ ಹಾಕಿಸಿದ. ತನ್ನ ಸಹಿಯಿಲ್ಲದೆ ದೇಶದಲ್ಲಿ ಒಬ್ಬರನ್ನೂ ಹಿಡಿಯುವಂತಿಲ್ಲ ಎಂದು ಆಜ್ಞೆ ಹೊರಡಿಸಿದ. ತಪ್ಪು ಸಾಬೀತಾಗುವ ಮುಂಚೆ ಯಾರ ಮಾನವೂ ಹೋಗಬಾರದೆಂದು ಕಡತಗಳ ಮೇಲೆ ಹೆಸರು ಬರೆಯುವುದನ್ನು ನಿಲ್ಲಿಸಿ, ಬರೀ ಸಂಖ್ಯೆ ಹಾಕಿಸಿದ. ರೇಡಿಯೋದಲ್ಲಿ ಮಾತಾಡಿ, ಇನ್ನು ಮೇಲೆ ಯಾರೂ ಹೆದರಬೇಕಾಗಿಲ್ಲ ಎಂದ. ಅವನು ಸುಳ್ಳು ಹೇಳಲಿಲ್ಲ ಕಣಪ್ಪ, ಮನಸಾರೆ ಹೇಳಿದ.

ಮೊದಲ ಶುಕ್ರವಾರ ಬಂತು. ದೋಣಿಕಟ್ಟೆಯ ಕೇಳುಗ ಹಾಳೆ ತಂದ. ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ.

“ಇದೇನಿದು?”

“ಈ ವಾರ ಏನೂ ಇಲ್ಲ ಸ್ವಾಮಿ. ಜನ ಮೀನು ಹಿಡಿದರು, ಮಾರಿದರು, ಕೂತು ನಕ್ಕರು. ಈಗ ನಮ್ಮದೇ ಸರ್ಕಾರ ಅಲ್ಲವೇ, ಖಾಲಿ ಹಾಳೆ ತರಬಹುದು ಅಂದುಕೊಂಡೆ.”

ಮುಖ್ಯಸ್ಥ ಬೈಯಲಿಲ್ಲ. ಕೆಲಸ ಕಲಿಸುವ ಮೇಷ್ಟರ ಹಾಗೆ ಹಾಳೆಯನ್ನು ಅವನ ಕಡೆಗೆ ಸರಿಸಿದ. “ಏನೂ ಇಲ್ಲ ಅಂದರೆ ನೀನು ಸರಿಯಾಗಿ ಕೇಳಲಿಲ್ಲ ಅಂತ. ಹೋಗು, ಚೆನ್ನಾಗಿ ಕೇಳಿಕೊಂಡು ಬಾ.” ಹಿಂದೆ ನಿಂತಿದ್ದ ಹಳೆಯ ಗುಮಾಸ್ತ ತಲೆಯಾಡಿಸಿದ. ಬಿಳಿಯ ಸಾಹೇಬನೂ ಇದೇ ಮಾತನ್ನು ಹೀಗೇ ಹೇಳುತ್ತಿದ್ದ.

ಕೇಳುಗನಿಗೂ ಹೆಂಡತಿ ಮಕ್ಕಳಿದ್ದರು. ಇನ್ನೊಂದು ಖಾಲಿ ಹಾಳೆ ತಂದರೆ ಅನ್ನಕ್ಕೆ ಕಲ್ಲು ಬಿತ್ತೆಂದು ಅವನಿಗೆ ಗೊತ್ತಾಯಿತು. ಮರುವಾರ ಬರೆದ: ರೇಡಿಯೋದಲ್ಲಿ ಸರ್ಕಾರದ ಭಾಷಣ ಬಂದಾಗ ಒಬ್ಬ ನಗುತ್ತಾನೆ. ಅದರ ಮುಂದಿನ ವಾರ ಬರೆದ: ಅವನ ಜೊತೆ ಇನ್ನೂ ನಾಲ್ವರು ನಗುತ್ತಾರೆ. ಆಮೇಲೆ ಬರೆದ: ಹೊರಗಿನವರು ಹತ್ತಿರ ಬಂದರೆ ಅವರು ಮಾತು ನಿಲ್ಲಿಸುತ್ತಾರೆ. ಆ ಹೊರಗಿನವನು ತಾನೇ ಎಂದು ಮಾತ್ರ ಬರೆಯಲಿಲ್ಲ. ಮೂರು ವರದಿ ಸೇರಿದವು, ಕಡತವಾಯಿತು, ಸಂಖ್ಯೆ ಬಿತ್ತು. ಮುಖ್ಯಸ್ಥ ಮೂರನ್ನೂ ಓದಿದ, ತನ್ನ ಆಜ್ಞೆಯಂತೆ ಎಲ್ಲವೂ ನಡೆದಿದೆಯೆಂದು ಸಮಾಧಾನಪಟ್ಟು ಸಹಿ ಹಾಕಿದ.

ಹತ್ತು ದಿನ ಕಳೆದವು. ಕಚೇರಿಯ ಬಾಗಿಲಿಗೆ ಒಬ್ಬ ಹೆಂಗಸು ದಿನಾ ಬಂದು ನಿಲ್ಲುತ್ತಿದ್ದಳು. ಅವನ ಕಾರು ಹಾದುಹೋಗುತ್ತಿತ್ತು. ಹನ್ನೊಂದನೆಯ ದಿನ ಅವಳು ಕಾರಿಗೇ ಅಡ್ಡ ನಿಂತಳು. ಕಪಾಸನ ಹೆಂಡತಿ. ಅವಳ ಮುಖ ನೋಡಿದ್ದೇ ತಾನು ಸಹಿ ಹಾಕಿದ ಆ ಸಂಖ್ಯೆ ಯಾರದೆಂದು ಅವನಿಗೆ ಹೊಳೆಯಿತು.

ಓಡಿದ. ಅದೇ ಜೈಲು. ಅಯ್ಯೋ, ಅದೇ ಕೋಣೆ ಕೂಡ. ಕಪಾಸ ಗೋಡೆಗೆ ಒರಗಿ ಕೂತಿದ್ದ. ಯಾರೂ ಹೊಡೆದಿರಲಿಲ್ಲ, ಆಜ್ಞೆ ಇತ್ತಲ್ಲ!

“ನನಗೆ ಹೇಳಿ ಕಳಿಸಬಾರದಿತ್ತೇ ಕಪಾಸ?”

“ಪಹರೆಯವನಿಗೆ ನಿನ್ನ ಹೆಸರು ಹೇಳಿದೆ. ಕಾಗದ ತಂದು ನಿನ್ನ ಸಹಿ ತೋರಿಸಿದ. ಆಮೇಲೆ ಹೇಳುವುದಕ್ಕೆ ಏನಿತ್ತು?” ಎಂದ ಕಪಾಸ. ಮತ್ತೆ ಅಂದ: “ನಾನು ನಕ್ಕಿದ್ದು ನಿಜ. ರೇಡಿಯೋದಲ್ಲಿ ನಿನ್ನ ದನಿ ಬಂದಾಗಲೆಲ್ಲ ನಗು ತಡೆಯಲಾಗುತ್ತಿರಲಿಲ್ಲ. ಒಂದು ಗಂಟು ಹಾಕಲು ಬಾರದವನು ಈಗ ದೇಶ ಕಟ್ಟುತ್ತಿದ್ದಾನಲ್ಲ ಅಂತ. ಅಷ್ಟು ಸಂತೋಷವಾಗುತ್ತಿತ್ತು ಕಣೋ.”

ಅವತ್ತೇ ಅವನನ್ನು ಬಿಡಿಸಿ ಮನೆ ಮುಟ್ಟಿಸಿದ. ಆದರೆ ಏನು ಬಂತು? ಆಮೇಲೆ ಗೆಳೆಯ ದೋಣಿಕಟ್ಟೆಗೆ ಹೋದಾಗಲೆಲ್ಲ ಕಪಾಸ ಎದ್ದು ನಿಂತು ಮರ್ಯಾದೆ ಕೊಟ್ಟ, ಕೂರಲು ಚಾಪೆ ಹಾಸಿದ, ಕೇಳಿದ್ದಕ್ಕೆ ಉತ್ತರ ಹೇಳಿದ. ನಗಲಿಲ್ಲ. ಸಾಯುವವರೆಗೂ ನಗಲಿಲ್ಲವೆಂದು ಅವನ ಹೆಂಡತಿ ಹೇಳಿದಳು. ಕಿವಿಮನೆಯ ಮುಖ್ಯಸ್ಥ ಕೆಲಸ ಬಿಟ್ಟ. ಅವನ ಜಾಗಕ್ಕೆ ಇನ್ನೊಬ್ಬ ಒಳ್ಳೆಯವನು ಬಂದ. ಶುಕ್ರವಾರಗಳು ನಡೆದವು.

ಇಲ್ಲಿಗೆ ಗುರುಗಳು ಕತೆ ನಿಲ್ಲಿಸಿದರು. ಮುಲೆಂಗನಿಗೆ ಸಿಟ್ಟು ಬಂದಿತ್ತು.

“ಗುರುಗಳೇ, ಆ ಕೇಳುಗನಿಗೆ ಏನು ಶಿಕ್ಷೆಯಾಯಿತು? ಅಂಥ ಸುಳ್ಳುಗಾರರನ್ನೆಲ್ಲ ನಾನು ಸೋಮವಾರವೇ ಕಿತ್ತು ಹಾಕುತ್ತೇನೆ.”

ಗುರುಗಳ ಕೈಯಲ್ಲಿ ಗಂಟು ಮತ್ತೆ ಜಾರಿತು. ಈ ಸಲ ಅವರು ಅದನ್ನು ಹಾಕಲು ಹೋಗಲಿಲ್ಲ.

“ಮೊದಲ ಶುಕ್ರವಾರ ಅವನು ನಿಜವನ್ನೇ ತಂದಿದ್ದ ಕಣಪ್ಪ, ಅದನ್ನು ವಾಪಸು ಕಳಿಸಿದವನು ನಾನು.”