ಮುರುಗಲ ಸಿಪ್ಪೆ ಕಪ್ಪಾದದ್ದು

ಘಟ್ಟದ ಮೇಲಿಂದ ಗಾಳಿ ಇಳಿದು ಬಂದು ಬೀರನ ಅಂಗಳದಲ್ಲಿ ನಿಂತಿತು.

"ಬೀರಾ, ನಿನ್ನ ಮಗಳು ಬಸುರಿ," ಎಂದಿತು.

ಬೀರ ಕತ್ತಿ ಮಸೆಯುತ್ತಿದ್ದ. ಕೈ ನಿಂತಿತು. "ಹೂಂ," ಎಂದ.

"ಏನೂ ತಿನ್ನುತ್ತಿಲ್ಲ. ಅನ್ನ ಕಂಡರೆ ಮುಖ ತಿರುಗಿಸುತ್ತಾಳೆ. ತವರಿನ ಮುರುಗಲ ಹಣ್ಣು ಬೇಕಂತೆ. ಈ ಅಂಗಳದ ಮರದ್ದೇ ಬೇಕಂತೆ."

ಅದು ಲೋಕ ಹೊಸದಾಗಿದ್ದ ಕಾಲ. ಬೆಟ್ಟಗಳ ಮಣ್ಣು ಇನ್ನೂ ಆರಿರಲಿಲ್ಲ. ಘಟ್ಟಕ್ಕೆ ನೆಟ್ಟಗಿನ ದಾರಿ ಬಿದ್ದಿರಲಿಲ್ಲ. ಬಸುರಿ ಇಳಿದು ಬರುವ ಮಾತೇ ಇಲ್ಲ. ಆದರೆ ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂಬುದು ಆಗಲೇ ಎಲ್ಲರಿಗೂ ಗೊತ್ತಿತ್ತು.

ಮುರುಗಲ ಮರ ಆಗ ಈಗಿನಂತಿರಲಿಲ್ಲ. ಎಲೆಯೆಲ್ಲ ಕೆಂಪು. ವರ್ಷವಿಡೀ ಕೆಂಪು. ಕಡಲಲ್ಲಿ ದೋಣಿಯ ಮೇಲೆ ನಿಂತು ನೋಡಿದರೂ ಬೀರನ ಮನೆ ಯಾವುದೆಂದು ತಿಳಿಯುತ್ತಿತ್ತು. ಹಣ್ಣು ಮಾತ್ರ ಹಾಲಿನಂತೆ ಬಿಳಿ.

ಬೀರನ ಮಗಳು ಸೋಮಿ ತಾಯಿಯಿಲ್ಲದ ಹುಡುಗಿ. ಆ ಮರದ ಕೊಂಬೆಯ ಮೇಲೆ ಕೂತೇ ಬೆಳೆದವಳು. ಹಣ್ಣು ಬಾಯಿಗೆ ಹಾಕಿದರೆ ಹುಳಿಗೆ ಅವಳ ಒಂದು ಕಣ್ಣು ಮುಚ್ಚುತ್ತಿತ್ತು. ಬೀಜವನ್ನು ಅಪ್ಪನ ಬೆನ್ನಿಗೆ ಉಗಿಯುತ್ತಿದ್ದಳು. "ಬಿದ್ದೀಯೇ," ಎಂದಷ್ಟೇ ಅವನು ಹೇಳುತ್ತಿದ್ದ.

ಬೀರ ಬುಟ್ಟಿ ತುಂಬ ಹಣ್ಣು ಕೊಯ್ದು ಹೊರಟ. ಘಟ್ಟದ ಮೇಲಿನ ಮಗಳ ಊರಿಗೆ ಎಂಟು ದಿನದ ನಡಿಗೆ. ಗಾಳಿ ಜೊತೆಗೇ ಬಂತು. ಮೂರನೆಯ ದಿನ ಬುಟ್ಟಿಯಿಂದ ನೀರು ಇಳಿದು ಹೆಗಲು ಒದ್ದೆಯಾಯಿತು. ಇಳಿಸಿ ನೋಡಿದರೆ ಒಂದು ಹಣ್ಣೂ ಉಳಿದಿರಲಿಲ್ಲ. ಎಲ್ಲ ಕೊಳೆತಿತ್ತು.

"ನೀನೇ ತಾನೇ?" ಎಂದ ಬೀರ.

"ನಾನೇ," ಎಂದಿತು ಗಾಳಿ. "ಸುಳ್ಳು ಯಾಕೆ ಹೇಳಲಿ? ಕಂಡದ್ದನ್ನೆಲ್ಲ ನೆಕ್ಕುವುದು ನನ್ನ ಹುಟ್ಟುಗುಣ, ಮಾರಾಯ. ನಾನು ನೆಕ್ಕಿದ್ದು ಕೆಡುತ್ತದೆ."

"ಸುದ್ದಿ ತಂದವನೂ ನೀನು. ತಿಂದವನೂ ನೀನು."

"ಸುದ್ದಿ ಬೇರೆ, ಹೊಟ್ಟೆ ಬೇರೆ."

ಬೀರ ತಿರುಗಿ ಬಂದ. ಬಿಸಿಲನ್ನು ಕೇಳಿದ.

"ಒಣಗಿಸಿ ಕೊಡುತ್ತೇನೆ," ಎಂದಿತು ಬಿಸಿಲು. "ನೀರೇ ಇಲ್ಲದ ಮೇಲೆ ಕೊಳೆಯುವುದೆಲ್ಲಿಂದ?"

ಬೀರ ಹಣ್ಣು ಸೀಳಿದ. ಬೀಜ ತೆಗೆದ. ಸಿಪ್ಪೆಯನ್ನು ಚಾಪೆಯ ಮೇಲೆ ಹರವಿದ. ನಾಲ್ಕು ದಿನಕ್ಕೆ ಒಣಗಿತು. ಒಂದನ್ನು ಬಾಯಿಗೆ ಹಾಕಿದ. ಹುಳಿಯಿಲ್ಲ, ಸಿಹಿಯಿಲ್ಲ. ಹೊಟ್ಟು ಅಗಿದಂತಾಯಿತು.

"ಹುಳಿ ಎಲ್ಲಿ?"

"ಒಣಗಿಸಿದ್ದು ನಾನು. ನೆಕ್ಕಿದ್ದು ಅವನು," ಎಂದಿತು ಬಿಸಿಲು.

ಗಾಳಿ ಮನೆಯ ಹಿಂದೆ ಸರಿದು ನಿಂತಿತು.

ಬೀರ ಹೋಗಿ ಮರದ ಬುಡದಲ್ಲಿ ಕೂತ. ಗಂಜಿ ಆರಿತು. ಏಳಲಿಲ್ಲ.

"ಏನಂತೆ ಅವಳಿಗೆ?" ಎಂದು ಮರ ಕೇಳಿತು.

"ಏನೂ ತಿನ್ನುತ್ತಿಲ್ಲವಂತೆ. ನಿನ್ನ ಹಣ್ಣು ಬೇಕಂತೆ."

"ನನ್ನದೇ?"

"ನಿನ್ನದೇ."

ಸೋಮಿ ಮದುವೆಯಾಗಿ ಹೋಗಿ ಎರಡು ಮಳೆಗಾಲ ಕಳೆದಿತ್ತು. ಅವಳು ಕೂರುತ್ತಿದ್ದ ಕೊಂಬೆ ಬಾಗಿದ್ದು ಬಾಗಿದಂತೆಯೇ ಇತ್ತು. ಮೇಲೆ ಎದ್ದಿರಲಿಲ್ಲ.

"ಗಾಳಿ ಬಿಡು ಎಂದರೆ ಬಿಡುವವನಲ್ಲ," ಎಂದಿತು ಮರ. "ಅವನಿಗೆ ನೆಕ್ಕಲು ಏನಾದರೂ ಕೊಡಬೇಕು. ನನ್ನ ಕೆಂಪು ಕೊಡುತ್ತೇನೆ. ಮೊದಲು ಅದನ್ನು ನೆಕ್ಕಲಿ. ಅದು ಮುಗಿಯುವ ತನಕ ಹುಳಿಗೆ ಬಾಯಿ ಹಾಕುವುದಿಲ್ಲ."

"ನಿನಗೆ?"

"ನನಗೆ ಹಸಿರು ಸಾಕು. ಉಳಿದ ಮರಗಳು ಬದುಕಿಲ್ಲವೇ?"

"ದೂರಕ್ಕೆ ಕಾಣುವುದಿಲ್ಲ ನೀನು."

"ನೋಡಬೇಕಾದವಳು ಬರುತ್ತಿಲ್ಲವಲ್ಲ," ಎಂದಿತು ಮರ.

ಬೀರ ಕಾಂಡದ ಮೇಲೆ ಕೈ ಇಟ್ಟ.

ಮೂರು ದಿನ ಎಲೆಗಳಿಂದ ಕೆಂಪು ಇಳಿಯಿತು. ಎಲೆಯಿಂದ ಕೊಂಬೆಗೆ, ಕೊಂಬೆಯಿಂದ ತೊಟ್ಟಿಗೆ, ತೊಟ್ಟಿನಿಂದ ಹಣ್ಣಿಗೆ. ಎಲೆ ಹಸಿರಾಯಿತು. ಹಣ್ಣು ರಕ್ತದಂತೆ ಕೆಂಪಾಯಿತು.

ಬೀರ ಮತ್ತೆ ಸೀಳಿದ, ಮತ್ತೆ ಹರವಿದ. ಗಾಳಿ ಬಂದು ನೆಕ್ಕಿತು. ನೆಕ್ಕಿದಲ್ಲಿ ಕೆಂಪು ಕಪ್ಪಾಯಿತು. ಹುಳಿ ಅಲ್ಲೇ ಇತ್ತು.

ಹಣ್ಣು ಸೀಳಿ ಹಾಕಿದ್ದ ಮರಿಗೆಯಲ್ಲಿ ಬೀಜದ ಜೊತೆ ರಸ ಉಳಿದಿತ್ತು. ಬೀರ ಅದನ್ನು ಚೆಲ್ಲಲು ಎತ್ತಿದ.

"ಏಯ್!" ಎಂದಿತು ಮರ. "ನನ್ನ ಕೆಂಪನ್ನು ನೆಲಕ್ಕೆ ಹಾಕುತ್ತೀಯಾ? ಆ ಸಿಪ್ಪೆಗೇ ಕುಡಿಸು."

ಸಂಜೆ ಸಿಪ್ಪೆಯನ್ನು ಅದರ ರಸದಲ್ಲೇ ಅದ್ದಿದ. ಬೆಳಿಗ್ಗೆ ಹರವಿದ. ಗಾಳಿ ನೆಕ್ಕಿತು, ಸಿಪ್ಪೆ ಇನ್ನಷ್ಟು ಕಪ್ಪಾಯಿತು. ಮತ್ತೆ ಅದ್ದಿದ, ಮತ್ತೆ ಹರವಿದ.

"ಇವತ್ತೂ ಇದೇ ಊಟವೇ?" ಎಂದು ಗಾಳಿ ಗೊಣಗಿತು.

"ಬೇಡವಾದರೆ ಎದ್ದು ಹೋಗು," ಎಂದ ಬೀರ.

ಏಳು ದಿನ ಹೀಗೇ ನಡೆಯಿತು. ಏಳನೆಯ ದಿನ ಸಿಪ್ಪೆ ಕಾಡಿಗೆಯಂತೆ ಕಪ್ಪು, ಮುದುಕನ ಕಿವಿಯಂತೆ ಸುಕ್ಕು. ಕಡಲಿನ ಮೇಲೆ ಮೋಡ ಕಟ್ಟಿತು. ಬೀರ ಗಂಟು ಕಟ್ಟಿಕೊಂಡು ಘಟ್ಟ ಹತ್ತಿದ. ಎಂಟು ದಿನವೂ ಗಾಳಿ ಗಂಟಿನೊಳಗೆ ಮೂಗು ತೂರಿಸಿತು. ಮೂರನೆಯ ದಿನ ಬಿಚ್ಚಿ ನೋಡಿದ. ಕೆಟ್ಟಿರಲಿಲ್ಲ. ಆರನೆಯ ದಿನ ನೋಡಿದ. ಕೆಟ್ಟಿರಲಿಲ್ಲ.

ಸೋಮಿ ಬಾಗಿಲಿಗೆ ಒರಗಿ ನಿಂತಿದ್ದಳು. ಸೊರಗಿ ಕಡ್ಡಿಯಾಗಿದ್ದಳು. ಗಂಟು ಬಿಚ್ಚಿದಳು.

"ಇದೇನಪ್ಪಾ? ನಾನು ಹಣ್ಣು ಕೇಳಿದರೆ ಕರಿ ಚಿಂದಿ ಹೊತ್ತು ತಂದಿದ್ದೀಯಲ್ಲ!"

"ತಿನ್ನು."

"ಇದನ್ನಾ?"

"ತಿನ್ನು ಅಂದೆ."

ಬಾಯಿಗೆ ಹಾಕಿದಳು. ಒಂದು ಕಣ್ಣು ಮುಚ್ಚಿತು.

ಬೀರ ಆ ಮುಚ್ಚಿದ ಕಣ್ಣನ್ನೇ ನೋಡುತ್ತ ನಿಂತ. ಹೊತ್ತ ಹೆಗಲನ್ನು ಉಜ್ಜಿಕೊಳ್ಳುವುದೂ ನೆನಪಾಗಲಿಲ್ಲ. ಅಂದು ಸೋಮಿ ಎರಡು ಬಟ್ಟಲು ಗಂಜಿ ಕುಡಿದಳು.

ಆಮೇಲೆ ಕೇಳಿದಳು: "ಮರ ಹೇಗಿದೆ ಅಪ್ಪಾ? ಹಾಗೇ ಕೆಂಪಗಿದೆಯಾ?"

ಬೀರ ಹೆಗಲ ಬಟ್ಟೆ ಕೊಡವಿದ. ಮಡಚಿದ. ಮತ್ತೆ ಕೊಡವಿದ.

"ಹಸಿರಾಗಿದೆ," ಎಂದ.

ಸೋಮಿ ಒಂದು ಕರಿ ಸಿಪ್ಪೆಯನ್ನು ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಕೆಂಪು ಕಂಡಿತು. ಅದನ್ನು ತಿನ್ನದೆ ಸೆರಗಿಗೆ ಕಟ್ಟಿಕೊಂಡಳು.

ಕೂಸು ಹುಟ್ಟಿತು. ಕಿವಿ ಸೋರಲಿಲ್ಲ. ಅದರ ಹಿಂದೆ ಇನ್ನೊಂದು ಕೂಸು, ಮತ್ತೊಂದು ಕೂಸು. ಸೋಮಿ ಘಟ್ಟ ಇಳಿಯಲೇ ಇಲ್ಲ. ಸಿಪ್ಪೆಯೇ ವರ್ಷ ವರ್ಷ ಘಟ್ಟ ಹತ್ತಿತು.

ಅಂದಿನಿಂದ ಮುರುಗಲ ಸಿಪ್ಪೆಯನ್ನು ಅದರ ರಸದಲ್ಲೇ ಅದ್ದಿ ಒಣಗಿಸುತ್ತಾರೆ. ಅದು ಕಪ್ಪಾಗುತ್ತದೆ, ಕೊಳೆಯುವುದಿಲ್ಲ. ಮರದ ಕೊಂಬೆಗಳು ಕೆಳಕ್ಕೆ ಬಾಗಿಯೇ ಇವೆ. ಚಿಗುರುವಾಗ ಮಾತ್ರ, ಅವಳು ಬಂದರೆ ಕಾಣಲಿ ಎಂದು, ಎಲೆ ನಾಲ್ಕು ದಿನ ಕೆಂಪಗಿರುತ್ತದೆ. ಆಮೇಲೆ ಹಸಿರಾಗುತ್ತದೆ.