ಕೆಂಚವ್ವ ಆರಿಸಿದ ದಾಳಿಗುರು

ಮಕ್ಕಳೇ, ತೆಂಗಿನಕಾಯಿ ಒಡೆಯುವುದನ್ನು ನೀವೆಲ್ಲ ನೋಡಿದ್ದೀರಿ. ಕಾಯಿ ಒಡೆಯಲೇಬಾರದು ಎನ್ನುವ ಆಟವನ್ನು ನೋಡಿದ್ದೀರಾ? ಅದನ್ನು ನೋಡಬೇಕಾದರೆ ಹೊಂಗೆಕಾಡಿಗೆ ಹೋಗಬೇಕು.

ಹೊಂಗೆಕಾಡಿನ ನಡುವೆ ಒಂದು ಹಳ್ಳ ಹರಿಯುತ್ತದೆ. ಮಳೆಗಾಲದಲ್ಲಿ ಮೇಲಿನ ತೋಟಗಳಿಂದ ಸಿಪ್ಪೆ ಸುಲಿಯದ ತೆಂಗಿನಕಾಯಿಗಳು ಅದರಲ್ಲಿ ತೇಲಿಬರುತ್ತವೆ. ಒಂದನ್ನು ಎತ್ತಿಟ್ಟುಕೊಂಡು, ನೀರಿಳಿದ ಮೇಲೆ ಈಚೆ ದಡದ ಪ್ರಾಣಿಗಳೂ ಆಚೆ ದಡದ ಪ್ರಾಣಿಗಳೂ ಹಳ್ಳದ ಮರಳಿನ ಮೇಲೆ ಕಾಯಾಟ ಆಡುತ್ತವೆ. ಮರಳಿನ ಒಂದು ತುದಿಯಲ್ಲಿ ಈಚೆಯವರ ಹುಣಸೆಮರ, ಇನ್ನೊಂದು ತುದಿಯಲ್ಲಿ ಆಚೆಯವರ ಅತ್ತಿಮರ. ಕಾಯಿಯನ್ನು ಕಚ್ಚಿಕೊಂಡು ಎದುರಿನವರ ಮರ ದಾಟಿದರೆ ಗೆದ್ದಂತೆ. ಕಾಯಿ ಒಡೆದರೆ, ಒಡೆದ ತಂಡ ಅಲ್ಲಿಗೇ ಸೋತಂತೆ.

ಗೆದ್ದವರಿಗೆ ಹಾರ ತುರಾಯಿ ಏನೂ ಇಲ್ಲ. ಬೇಸಿಗೆಯಲ್ಲಿ ಹಳ್ಳ ಒಣಗಿ ಒಂದೇ ಒಂದು ಮಡು ಉಳಿಯುತ್ತದೆ. ಅದರ ಒಂದು ಬದಿಗೆ ಹೊಂಗೆಮರಗಳ ದಟ್ಟ ನೆರಳು, ಇನ್ನೊಂದು ಬದಿಗೆ ಬರೀ ಬಂಡೆ. ಗೆದ್ದವರಿಗೆ ನೆರಳು, ಸೋತವರಿಗೆ ಬಂಡೆ, ಅಷ್ಟೇ.

ಈಚೆ ದಡದ ತಂಡಕ್ಕೆ ಕರಡಿ ಕೆಂಚವ್ವ ಯಜಮಾನಿ. ಮೈಯೆಲ್ಲ ಇದ್ದಿಲಿನಷ್ಟು ಕಪ್ಪು, ಹೆಸರು ಮಾತ್ರ ಕೆಂಚವ್ವ. ಯಾರಿಟ್ಟರೋ ಏನೋ. ಹಿಂದಿನ ಬೇಸಿಗೆಗಳನ್ನು ಅವಳ ತಂಡ ಬಂಡೆಯ ಬದಿಯಲ್ಲೇ ಕಳೆದಿತ್ತು. ಹೇಗೋ ಸಹಿಸಿಕೊಂಡಿದ್ದಳು. ಆದರೆ ಈ ಸಲ ಅವಳಿಗೆ ಮರಿಗಳಾಗಿದ್ದವು. ಕರಡಿಮರಿಗಳು ಅವ್ವನ ಬೆನ್ನು ಬಿಟ್ಟು ಇಳಿಯುವುದಿಲ್ಲ. ಆ ಬೆನ್ನೇ ಬಿಸಿಲಿಗೆ ಹಂಚಿನಂತೆ ಕಾದರೆ ಅವು ಎಲ್ಲಿಗೆ ಹೋಗಬೇಕು?

ತಂಡದಲ್ಲಿ ಬಲಕ್ಕೇನೂ ಕೊರತೆ ಇರಲಿಲ್ಲ. ಕಾಟಿ ದೊಡ್ಡೀರನಿದ್ದ. ಕಾಟಿ ಎಂದರೆ ಕಾಡಿನ ದೊಡ್ಡ ಎಮ್ಮೆಯಂಥ ಪ್ರಾಣಿ; ಅವನು ಗೋಡೆಯೇ ಎದ್ದು ನಡೆದಂತೆ ನಡೆಯುತ್ತಿದ್ದ. ಎದುರಿನವರ ದಾಳಿಯನ್ನು ತಡೆಯುವುದು ಹೇಗೆಂದು ಹೇಳಿಕೊಡುವ ತಡೆಗುರುವಾಗಿ ಮುಳ್ಳುಹಂದಿ ಸೂಜವ್ವ ಇದ್ದಳು. ಅವಳ ಕೆಲಸದಲ್ಲಿ ಯಾರೂ ಹುಳುಕು ಹುಡುಕುವಂತಿರಲಿಲ್ಲ. ಕೊರತೆ ಇದ್ದದ್ದು ದಾಳಿಗುರುವಿನದು.

ಕಾಯಿ ನಮ್ಮ ಬಾಯಿಗೆ ಬಂದಾಗ ಯಾರು ಎತ್ತ ನುಗ್ಗಬೇಕು, ಯಾರು ಯಾರನ್ನು ಅಡ್ಡಗಟ್ಟಬೇಕು ಎಂದು ಯೋಚಿಸಿ ಕೂಗಿ ಹೇಳುವವನೇ ದಾಳಿಗುರು. ಹಿಂದೆ ಮಂಗಟ್ಟೆ ಹಕ್ಕಿ ಆ ಕೆಲಸ ನೋಡುತ್ತಿತ್ತು. ಅದಕ್ಕೆ ಗೊತ್ತಿದ್ದದ್ದು ಒಂದೇ ಉಪಾಯ: ದೊಡ್ಡೀರ ಮುಂದೆ, ಉಳಿದವರು ಹಿಂದೆ. ಆಚೆ ದಡದ ಹಂದಿಮರಿಗಳಿಗೂ ಅದು ಬಾಯಿಪಾಠವಾಗಿತ್ತು. ಕೊನೆಗೆ ಕೆಂಚವ್ವ ಮಂಗಟ್ಟೆಗೆ ಕೈಮುಗಿದು ಕಳಿಸಿಕೊಟ್ಟಳು. ಹೊಸ ದಾಳಿಗುರು ಬೇಕೆಂಬ ಸುದ್ದಿ ಕಾಡಿನಿಂದ ಕಾಡಿಗೆ ಹೋಯಿತು.

ಕೆಂಚವ್ವನ ಕುತೂಹಲ ನಿಮಗೆ ಗೊತ್ತಿಲ್ಲ. ಹುತ್ತ ಕಂಡರೆ ಮೂಗು ತೂರಿಸದೆ ಮುಂದೆ ಹೋದವಳಲ್ಲ. ಆದರೆ ಆ ಕುತೂಹಲವೆಲ್ಲ ಹೊಸದರ ಮೇಲೆ. ದಿನವೂ ಕಣ್ಣೆದುರಿಗೆ ಇರುವವರನ್ನು ಏನಾದರೂ ಕೇಳೋಣ ಎಂದು ಅವಳಿಗೆ ಹೊಳೆಯುತ್ತಲೇ ಇರಲಿಲ್ಲ.

ಮೊದಲು ನವಿಲು ಬಂತು. ಗರಿ ಬಿಚ್ಚಿ ನಿಂತು, "ನಾನು ನಿಲ್ಲುವ ಕಲ್ಲು ಎಲ್ಲರಿಗೂ ಕಾಣುವಂತಿರಬೇಕು," ಎಂದಿತು.

"ಆಟಗಾರರಿಗೆ ಕಂಡರೆ ಸಾಲದಾ?" ಎಂದಳು ಕೆಂಚವ್ವ.

"ನೋಡೋಕೆ ಬಂದವರಿಗೂ ಕಾಣಬೇಕಲ್ಲ," ಎಂದಿತು ನವಿಲು. ಕೆಂಚವ್ವ ಅದಕ್ಕೆ ಒಂದಿಷ್ಟು ಕಾಳು ಕೊಟ್ಟು ಕಳಿಸಿದಳು.

ಆಮೇಲೆ ನರಿ ಬಂತು. ಏನು ಕೇಳಿದರೂ, "ನಿಮ್ಮ ಮನಸ್ಸಿಗೆ ಬಂದಂಗೆ ಮಾಡೋಣ ಅವ್ವಾ," ಎನ್ನುತ್ತಿತ್ತು.

"ನನ್ನ ಮನಸ್ಸಿಗೆ ಏನಾದರೂ ಬಂದಿದ್ದರೆ ನಿನ್ನನ್ನು ಯಾಕೆ ಕರೀತಿದ್ದೆ?" ಎಂದು ಕೆಂಚವ್ವ ಅದನ್ನೂ ಸಾಗಹಾಕಿದಳು.

ಕೊನೆಗೆ ಬಂದವನು ಗೊರವಂಕ ಚುಟುಕಯ್ಯ, ದೂರದ ಕಲ್ಲುಗುಡ್ಡದವನು. ಅಲ್ಲಿನ ತಂಡ ಅವನ ಉಪಾಯದಿಂದಲೇ ಗೆದ್ದಿತ್ತು ಎಂದು ಗಾಳಿಸುದ್ದಿ ಬಂದಿತ್ತು. ಬಂದವನೇ ಮರಳಿನ ಮೇಲಿಳಿದು, "ನಮಸ್ಕರ. ನನು ಚುಟುಕಯ್ಯ. ಮೊದಲು ಚುರು ನಿರು ಕೊಡಿ," ಎಂದ.

ಕಲ್ಲುಗುಡ್ಡದ ಹಕ್ಕಿಗಳ ಮಾತೇ ಹಾಗೆ. ಅವಸರ ಅವಸರವಾಗಿ ಮಾತಾಡಿ, ದೀರ್ಘವನ್ನೆಲ್ಲ ನುಂಗಿಬಿಡುತ್ತವೆ. ಅವು ನೀರನ್ನು ನಿರು ಎನ್ನುತ್ತವೆ, ಕಾಡನ್ನು ಕಡು ಎನ್ನುತ್ತವೆ. ಕೆಂಚವ್ವನಿಗೆ ಅದೂ ಚಂದವಾಗಿಯೇ ಕೇಳಿಸಿತು.

"ಎದುರಿನವರು ಗುಂಪಾಗಿ ಎಡಕ್ಕೆ ಬಂದರೆ ಏನು ಮಾಡ್ತೀಯಾ?" ಎಂದಳು.

ಚುಟುಕಯ್ಯ ಕೊಕ್ಕಿನಿಂದ ಮರಳಿನ ಮೇಲೆ ಗೆರೆ ಎಳೆದು ತೋರಿಸಿದ. ಜಿಂಕೆ ಎಡಕ್ಕೆ ಓಡಿದಂತೆ ಮಾಡುತ್ತದೆ, ಮೊಲ ಅದರ ಕಾಲಡಿಯಿಂದ ಬಲಕ್ಕೆ ನುಸುಳುತ್ತದೆ, ಕಾಯಿ ಯಾರ ಬಾಯಲ್ಲಿದೆ ಎಂದು ಎದುರಿನವರಿಗೆ ತಿಳಿಯುವುದರೊಳಗೆ ದೊಡ್ಡೀರ ಬಯಲಿನಲ್ಲಿರುತ್ತಾನೆ.

"ಕಾಯಿ ಜಾರಿದರೆ?" ಅವನು ಇನ್ನೊಂದು ಗೆರೆ ಎಳೆದ. "ಮರಳು ಒದ್ದೆಯಾಗಿದ್ದರೆ?" ಮತ್ತೊಂದು ಗೆರೆ ಬಂತು. ಕೆಂಚವ್ವ ಕೇಳುತ್ತಲೇ ಹೋದಳು, ಅವನು ಎಳೆಯುತ್ತಲೇ ಹೋದ. ಬೆಳಗ್ಗೆ ಕೂತವರು ಹೊತ್ತು ನೆತ್ತಿಗೇರಿದರೂ ಏಳಲಿಲ್ಲ. ಮರಳೆಲ್ಲ ರಂಗೋಲಿಯಾಗಿತ್ತು. ಬೆನ್ನ ಮೇಲಿನ ಮರಿಗಳು ಹಸಿದು ಗುರುಗುಟ್ಟಿದಾಗಲೇ ಅವಳಿಗೆ ಎಚ್ಚರವಾದದ್ದು.

"ಇವನೇ ನಮ್ಮ ದಾಳಿಗುರು," ಎಂದಳು.

ಸೂಜವ್ವ ಮುಳ್ಳು ಕೆದರಿಕೊಂಡು ಹತ್ತಿರ ಬಂದಳು. "ಗೆರೆ ಚೆನ್ನಾಗಿ ಎಳೀತಾನೆ, ಇಲ್ಲ ಅನ್ನಲ್ಲ. ಒಂದು ಸಲ ನಮ್ಮವರ ಮುಂದೆ ಕೂಗಿಸಿ ನೋಡು."

"ಆಚೆ ದಡದವರ ಕಿವಿ ನಿನಗೆ ಗೊತ್ತಿಲ್ವಾ? ಇಲ್ಲಿ ಕೂಗಿದರೆ ಅಲ್ಲಿ ಕೇಳಿಸುತ್ತೆ. ಅಭ್ಯಾಸವೆಲ್ಲ ಸದ್ದಿಲ್ಲದೆ, ಗೆರೆ ನೋಡಿಕೊಂಡೇ ಆಗಲಿ," ಎಂದಳು ಕೆಂಚವ್ವ. ತಂಡದವರನ್ನು ಕರೆದು ಇನ್ನೊಂದು ಮಾತು ಸೇರಿಸಿದಳು: "ಇವನ ಉಪಾಯ ನಿಮಗೆ ಮೊದಮೊದಲು ವಿಚಿತ್ರ ಅನ್ನಿಸಬಹುದು. ಯಾಕೆ ಏನು ಅಂತ ಯಾರೂ ಕೇಳಬೇಡಿ. ಕೂಗಿದ್ದನ್ನು ಮಾಡಿ, ಸಾಕು."

ದೊಡ್ಡೀರ ಏನೋ ಕೇಳಲು ಬಾಯಿ ತೆರೆದಿದ್ದ. ಆ ಮಾತು ಕೇಳಿ ಮುಚ್ಚಿಕೊಂಡ.

ಆಟದ ದಿನ ಎರಡು ದಡಗಳಲ್ಲೂ ಕಾಲಿಡಲು ಜಾಗವಿರಲಿಲ್ಲ. ಆಚೆ ತಂಡದ ಮುಂದಾಳು ಕಾಡುಹಂದಿ ಕೋರಪ್ಪ ಮಂಗಟ್ಟೆಯ ಹಳೇ ಉಪಾಯಕ್ಕೆ ತಯಾರಾಗಿ ಬಂದಿದ್ದ. ಚುಟುಕಯ್ಯ ಹುಣಸೆಕೊಂಬೆಯ ಮೇಲೆ ಕೂತು, "ತಿರುಗು," ಎಂದು ಕೂಗಿದ. ಜಿಂಕೆ ಸರಕ್ಕನೆ ತಿರುಗಿತು. "ನುಗ್ಗು," ಎಂದ. ಮೊಲ ಹಂದಿಗಳ ಕಾಲಡಿಯಲ್ಲೇ ನುಗ್ಗಿ ಆಚೆ ಹೋಯಿತು. ಈ ಮಾತುಗಳಲ್ಲಿ ನುಂಗುವುದಕ್ಕೆ ದೀರ್ಘವೇ ಇರಲಿಲ್ಲ ನೋಡಿ, ಎಲ್ಲ ಸಲೀಸಾಗಿ ನಡೆಯಿತು. ಹಂದಿಗಳು ಒಂದಕ್ಕೊಂದು ಡಿಕ್ಕಿ ಹೊಡೆದುಕೊಂಡವು. ಕೆಂಚವ್ವ ಸೂಜವ್ವನ ಕಡೆ ನೋಡಿ ಹುಬ್ಬು ಕುಣಿಸಿದಳು.

ಹೊತ್ತು ಇಳಿಯುವಾಗ ಆ ಕ್ಷಣ ಬಂದೇಬಿಟ್ಟಿತು. ಕಾಯಿ ದೊಡ್ಡೀರನ ಬಾಯಿಗೆ ಸಿಕ್ಕಿತು. ಅವನಿಗೂ ಅತ್ತಿಮರಕ್ಕೂ ನಡುವೆ ಒಂದು ನರಪಿಳ್ಳೆಯೂ ಇರಲಿಲ್ಲ. ಓಡಿದರೆ ಸಾಕು, ಬೇಸಿಗೆಯ ನೆರಳೆಲ್ಲ ಈಚೆ ದಡದ್ದು.

ದೊಡ್ಡೀರ ವಯಸ್ಸಿನಲ್ಲಿ ಹಿರಿಯ. ಹೊಸಬನಾದ ಚುಟುಕಯ್ಯ ಮರ್ಯಾದೆ ಕೊಟ್ಟು ಬಹುವಚನದಲ್ಲೇ ಕೂಗಿದ.

"ಒಡಿ. ಒಡಿ. ಒಡಿ."

ದೊಡ್ಡೀರನ ಕಿವಿ ನಿಮಿರಿತು. ಒಡಿ? ಕಾಯಿ ಒಡೆಯುವುದೇ? ಒಡೆದರೆ ಸೋಲಲ್ಲವೇ? ಕೇಳೋಣವೆಂದರೆ ಕೇಳಬೇಡ ಎಂದಿದ್ದಾರೆ. ಅವನು ಕೆಂಚವ್ವನ ಮುಖ ನೋಡಿದ. ಅವನು ಯಾಕೆ ತಡಮಾಡುತ್ತಿದ್ದಾನೆಂದು ತಿಳಿಯದ ಕೆಂಚವ್ವ, "ಹೂಂ, ಹೂಂ," ಎಂದು ಜೋರಾಗಿ ತಲೆಯಾಡಿಸಿದಳು.

ಏನೋ ದೊಡ್ಡ ಉಪಾಯವಿರಬೇಕು ಎಂದುಕೊಂಡ ದೊಡ್ಡೀರ. ಕಾಯಿಯನ್ನು ಮೆಲ್ಲಗೆ ಮರಳಿನ ಮೇಲೆ ಇಟ್ಟ. ಕಾಲೆತ್ತಿದ. ಫಟ್ಟೆಂದು ಸದ್ದಾಯಿತು.

ಕಾಯಿಯ ನೀರು ಮರಳಿನಲ್ಲಿ ಇಂಗಿತು. ಆಮೇಲೆ ಕೋರಪ್ಪ ಮೆಲ್ಲಗೆ ಬಂದು, "ಕೊಬ್ಬರಿ ನಿಮಗೆ ಬೇಡ ಅಂದ್ರೆ ನಮಗೆ ಕೊಡಿ," ಎಂದ.

ಕೆಂಚವ್ವ ದಾಪುಗಾಲು ಹಾಕಿಕೊಂಡು ಬಂದಳು. "ಯಾಕೋ ಒಡೆದೆ?"

"ಒಡಿ ಅಂದ್ರಲ್ಲ," ಎಂದ ದೊಡ್ಡೀರ.

"ಯಾರಂದ್ರು?"

"ಅವರೇ. ನೀನೂ ಹೂಂ ಅಂದೆ."

"ಓಡಿ ಅಂದದ್ದು ಕಣೋ ಅವನು."

ಚುಟುಕಯ್ಯ ಗಾಬರಿಯಿಂದ ಹಾರಿಬಂದ. "ಹೌದು ಹೌದು, ನನು ಅಂದದ್ದು ಒಡಿ ಅಂತ."

"ನೋಡು, ಈಗಲೂ ಒಡಿ ಅಂತಿದಾರೆ," ಎಂದ ದೊಡ್ಡೀರ. ಪಾಪ, ಅವನ ಕಣ್ಣಲ್ಲಿ ನೀರಿತ್ತು.

"ಅನುಮಾನ ಬಂದರೆ ಕೇಳಬಾರದಾ?" ಎಂದಳು ಕೆಂಚವ್ವ. ಕೇಳಿದ ಮೇಲೆ ಅವಳಿಗೇ ನೆನಪಾಯಿತು. ಕೇಳಬೇಡಿ ಎಂದವಳು ತಾನೇ. ಗೊರವಂಕನನ್ನು ಅರ್ಧ ದಿನ ಪ್ರಶ್ನೆ ಕೇಳಿದ್ದಳು, ತನ್ನವರನ್ನು ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ. ಅವಳಿಗೆ ತುಂಬಾ ನಾಚಿಕೆಯಾಯಿತು.

ಬೇಸಿಗೆ ಬಂತು. ಬಂಡೆ ಕಾದು ಹಂಚಾಯಿತು. ಮರಿಗಳು ಕೆಂಚವ್ವನ ಬೆನ್ನ ಮೇಲೆ ಬಾಯಿ ಬಿಟ್ಟುಕೊಂಡು ಮುಲುಗುತ್ತಿದ್ದವು. ಅವಳು ಮಡುವಿನಿಂದ ನೀರು ತಂದು ಅವುಗಳ ಮೇಲೆ ಚಿಮುಕಿಸುವಳು, ತರುವುದರೊಳಗೆ ಹಿಂದಿನದು ಒಣಗಿರುತ್ತಿತ್ತು. ಎದುರಿನ ನೆರಳಿನಲ್ಲಿ ಹಂದಿಗಳು ಕೆಸರಿನಲ್ಲಿ ಹೊರಳುತ್ತಿದ್ದವು.

ಒಂದು ಮಧ್ಯಾಹ್ನ ಚುಟುಕಯ್ಯ ತಲೆ ತಗ್ಗಿಸಿಕೊಂಡು ಬಂದ. "ನನು ಹೊಗಿ ಬರ್ತಿನಿ ಅವ್ವ," ಎಂದ.

ಹೋಗು ಎನ್ನುವ ಮಾತು ಕೆಂಚವ್ವನ ಬಾಯಿಗೆ ಬಂದಿತ್ತು. ಆದರೆ ಅವಳ ಮೂಗಿನ ತುದಿಯಲ್ಲಿ ಹಳೇ ಕುತೂಹಲ ಕೆರೆಯಿತು. "ಇರು. ನಿಮ್ಮ ಗುಡ್ಡದಲ್ಲಿ ಒಡೆ ಅನ್ನೋದಕ್ಕೆ ಏನಂತೀರಿ?"

"ಚಚ್ಚು ಅಂತಿವಿ."

ದೊಡ್ಡೀರ ಬಂಡೆಯ ಮೇಲೆ ಮಲಗಿದ್ದವನು ಫಕ್ಕನೆ ನಕ್ಕ. ಆಟ ಮುಗಿದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಕೆಂಚವ್ವ ಅವನ ಕಡೆ ತಿರುಗಿದಳು. ಅಷ್ಟು ವರ್ಷ ಜೊತೆಗಿದ್ದವನನ್ನು ಅಂದು ಹೊಸದಾಗಿ ನೋಡಿದಂತೆ ನೋಡಿದಳು.

"ದೊಡ್ಡೀರ, ಏನು ಕೂಗಿದರೆ ನಿನಗೆ ಓಡಬೇಕು ಅನ್ನಿಸುತ್ತೆ?"

ಅವನನ್ನು ಯಾರೂ ಇಂಥದ್ದನ್ನು ಕೇಳಿರಲಿಲ್ಲ. ಬಹಳ ಹೊತ್ತು ಮೆಲುಕು ಹಾಕಿದ. ಆಮೇಲೆ ಸಂಕೋಚದಿಂದ, "ಚಿಕ್ಕವನಿದ್ದಾಗ ನಮ್ಮವ್ವ 'ಬಾ ಮಗಾ' ಅಂತಿದ್ಲು. ಎಲ್ಲಿದ್ರೂ ಬಿದ್ದಂಬೀಳ ಓಡಿ ಬರ್ತಿದ್ದೆ," ಎಂದ.

ಚುಟುಕಯ್ಯ ಹೋಗಲಿಲ್ಲ. ಕೆಂಚವ್ವ ಹೋಗಗೊಡಲಿಲ್ಲ. ಆ ಬಿಸಿಲಿನಲ್ಲೇ ಅವನು ಒಬ್ಬೊಬ್ಬರ ಹತ್ತಿರ ಕೂತು, ಏನು ಕೂಗಿದರೆ ಏನು ಕೇಳಿಸುತ್ತದೆ ಎಂದು ವಿಚಾರಿಸಿದ. ಜಿಂಕೆಗೆ 'ಹುಲಿ' ಎಂದರೆ ಸಾಕಾಗಿತ್ತು. ಮೊಲಕ್ಕೆ ಕೂಗುವುದೇ ಬೇಡ, ರೆಕ್ಕೆ ಬಡಿದರೆ ಸಾಕು. ಈ ಸಲ ಅಭ್ಯಾಸವನ್ನೂ ಬಾಯಿ ಬಿಟ್ಟೇ ಮಾಡಿದರು. ಆಚೆ ದಡದವರಿಗೆ ಎಲ್ಲವೂ ಕೇಳಿಸಿತು. ಯಾರೋ ಹುಲಿ ಎನ್ನುತ್ತಾರೆ, ಯಾರೋ ಮಗಾ ಎನ್ನುತ್ತಾರೆ. ಬಿಸಿಲಿಗೆ ಇವರಿಗೆ ತಲೆ ಕೆಟ್ಟಿದೆ ಎಂದು ಕೋರಪ್ಪ ತನ್ನವರಿಗೆ ಹೇಳಿದ.

ಮತ್ತೆ ಮಳೆ ಬಂದು ಹೋಯಿತು, ಮತ್ತೆ ಆಟ ಬಂತು. ಸಂಜೆಯವರೆಗೂ ಯಾರೂ ಗೆಲ್ಲಲಿಲ್ಲ. ಕೊನೆಗೆ ಕಾಯಿ ದೊಡ್ಡೀರನ ಬಾಯಿಗೆ ಸಿಕ್ಕಿತು. ಈ ಸಲ ದಾರಿ ಬಯಲಾಗಿರಲಿಲ್ಲ, ಹಂದಿಗಳು ಸಾಲುಗಟ್ಟಿ ನಿಂತಿದ್ದವು. ಚುಟುಕಯ್ಯ ಹುಣಸೆಮರದಿಂದ ಭುರ್ರನೆ ಹಾರಿ, ಎದುರಿನವರ ಅತ್ತಿಮರದ ಆಚೆಗೆ ಹೋಗಿ ಕೂತ. ಅಲ್ಲಿಂದ, ಮುಷ್ಟಿಗಾತ್ರದ ಆ ಹಕ್ಕಿ ಕೂಗಿತು:

"ಬ ಮಗ. ಬ ಮಗ."

ದೀರ್ಘವನ್ನು ಎಂದಿನಂತೆ ನುಂಗಿದ್ದ. ದೊಡ್ಡೀರನಿಗೆ ಕೇಳಿಸಬೇಕಾದದ್ದು ಕೇಳಿಸಿತು. ತಲೆ ಬಗ್ಗಿಸಿದವನೇ ಹೊರಟ. ಅಷ್ಟು ದೊಡ್ಡ ಪ್ರಾಣಿ ಎಳೆಗರುವಿನ ಹಾಗೆ ಬಾಲ ಎತ್ತಿಕೊಂಡು ಬರುವುದನ್ನು ನೋಡಿ ಹಂದಿಗಳು ತಾವಾಗಿಯೇ ಎರಡು ಪಾಲಾಗಿ ದಾರಿ ಬಿಟ್ಟವು. ಅವನು ಅತ್ತಿಮರ ದಾಟಿದ.

ದಾಟಿದ ಮೇಲೂ ನಿಲ್ಲಲಿಲ್ಲ. ಚುಟುಕಯ್ಯನನ್ನೂ ದಾಟಿ, ಪೊದೆ ದಾಟಿ, ಮಡುವಿನ ನೆರಳಿನ ಬದಿಗೆ ಧುಮುಕಿ, ಕಾಯಿ ಕಚ್ಚಿಕೊಂಡೇ ಈಜತೊಡಗಿದ. ನಿಲ್ಲಿಸುವುದಕ್ಕೆ ಏನೆಂದು ಕೂಗಬೇಕು ಎಂದು ಅವನನ್ನು ಯಾರೂ ಕೇಳಿರಲಿಲ್ಲ.

ಕೆಂಚವ್ವ ಬೆನ್ನ ಮೇಲಿನ ಮರಿಗಳ ಸಮೇತ ನಗುತ್ತಾ ಏದುಸಿರು ಬಿಡುತ್ತಾ ಹಿಂದೆ ಓಡಿದಳು. ಹೊಂಗೆಯ ನೆರಳು ಮರಿಗಳ ಮೈಮೇಲೆ ಬಿತ್ತು.

"ಲೋ ದೊಡ್ಡೀರ," ಎಂದು ದಡದಿಂದ ಕೂಗಿದಳು, "ಏನಂದ್ರೆ ನಿಲ್ತೀಯೋ?"

ನೀತಿ: ನಮ್ಮ ಮಾತು ನಮ್ಮವರಿಗೆ ಹೇಗೆ ಕೇಳಿಸುತ್ತದೆ ಎಂದು ಮೊದಲು ಅವರನ್ನೇ ಕೇಳಬೇಕು; ಕೇಳದೆ ಹೇಳಿದರೆ ಎಂಥ ಉಪಾಯವೂ ಒಡೆದ ಕಾಯಿಯೇ.