ಕೆಮ್ಮಿನ ನಾಕನೇ ಪಾಲು

ಒಂದೂರಲ್ಲಿ ಸಣ್ಣೀರವ್ವ ಅಂತ ಒಬ್ಬಳು, ಚೌಡ ಅಂತ ಅವಳ ಪೆದ್ದು ಮಗ. ಅವ್ವನಿಗೆ ಕೆಮ್ಮು. ಎಂಥಾ ಕೆಮ್ಮು ಅಂತೀರಿ, ಅವಳು ಕೆಮ್ಮಿದ್ರೆ ಪಕ್ಕದೂರಿನ ಕೋಳಿ ಬೆದರಿ ಮೊಟ್ಟೆ ಇಡೋದು. ನಾನೇ ಎರಡು ತಿಂದಿದೀನಿ.

"ಸಂತೆಗೆ ಹೋಗಿ ಶುಂಠಿ, ಮೆಣಸು, ಬೆಲ್ಲ ತಗೊಂಬಾರೋ. ಕಷಾಯ ಕುಡೀದಿದ್ರೆ ಈ ಕೆಮ್ಮು ನನ್ನ ಕರ್ಕೊಂಡೇ ಹೋಗುತ್ತೆ. ದಾರೀಲಿ ಸುಂಕದೋನು ಕೇಳಿದ್ದು ಕೊಟ್ಬಿಡು, ಜಗಳ ಆಡ್ಬೇಡ" ಅಂದ್ಲು ಅವ್ವ.

ಚೌಡ ಎಲ್ಲ ಕೊಂಡು ಗಂಟು ಕಟ್ಕೊಂಡು ಬರೋವಾಗ ಸುಂಕದ ಕಟ್ಟೇಲಿ ಸುಂಕದೋನು, "ಎಲ್ಲಿ, ಗಂಟು ಕೊಡು" ಅಂದ. ಚೌಡ ಗಂಟು ಕೊಟ್ಟ, ಬರಿಗೈಲಿ ಮನೆಗೆ ಬಂದ.

"ಅಯ್ಯೋ ಮಂಕೇ, ನಾಕು ಪಾಲಲ್ಲಿ ಒಂದು ಪಾಲು ಕಣೋ ಸುಂಕ. ಏನೇ ಇರಲಿ, ಮೂರು ನಮ್ದು, ನಾಕನೇದು ಅವನ್ದು. ನೆನಪಿಟ್ಕೋ."

ನೆನಪಿಟ್ಕೊಂಡ. ಪಾಲು ಹಾಕೋಕೆ ಮನೇಲಿ ಏನಿದೆ ಅಂತ ಹುಡುಕಿದ. ಕೆಮ್ಮು ಒಂದೇ ಇತ್ತು. ಅವ್ವನ್ನ ಬೆನ್ನ ಮೇಲೆ ಹೊತ್ಕೊಂಡು ಹೋಗಿ ಸುಂಕದ ಕಟ್ಟೇಲಿ ಇಳಿಸಿದ.

ಅವ್ವ ಕೆಮ್ಮಿದ್ಲು. "ಇದು ನಮ್ದು" ಅಂದ. ಕೆಮ್ಮಿದ್ಲು. "ಇದೂ ನಮ್ದು." ಕೆಮ್ಮಿದ್ಲು. "ಇದೂ ನಮ್ದೇ. ಅಣ್ಣಾ, ಈಗ ಬರೋದು ನಿಂದು, ನೀನೇ ಕೆಮ್ಮು."

ಸುಂಕದೋನು ಬಾಯಿ ಬಿಡೋ ಹೊತ್ತಿಗೆ ಪಾಳೇಗಾರನ ಕುದುರೆ ಬಂತು. "ಏನೋ ಇದು?" ಅಂದ ಪಾಳೇಗಾರ.

"ಬುದ್ಧೀ, ಶುಂಠೀಲಿ ನಿಮಗೊಂದು ಪಾಲು ಅಂದ್ಮೇಲೆ ಕೆಮ್ಮಲ್ಲೂ ಒಂದು ಪಾಲು ಬೇಡ್ವಾ? ಇಷ್ಟೊಂದು ಶುಂಠಿ ತಗೋತೀರಲ್ಲ, ಅರಮನೇಲಿ ಯಾರಿಗೆ ಕೆಮ್ಮು?" ಅಂದ ಚೌಡ.

ಪಾಳೇಗಾರ ಗಡ್ಡ ಕೆರ್ಕೊಂಡ. ಗಡ್ಡ ಮೊಣಕಾಲಿಗೆ ಬರೋದು, ಕೆರೆದು ಮುಗಿಸೋಕೆ ಹೊತ್ತು ಹಿಡೀತು. ಆಮೇಲೆ, "ಇನ್ಮೇಲೆ ದಿನಸಿಗೂ ಔಷಧಿಗೂ ಸುಂಕ ಇಲ್ಲ. ಮಿಕ್ಕಿದ್ದಕ್ಕೆಲ್ಲ ನಾಕರಲ್ಲೊಂದು ಪಾಲು" ಅಂದ.

ಅವ್ವ ಮಗನ್ನ ಮತ್ತೆ ಸಂತೆಗೆ ಕಳಿಸಿದ್ಲು. "ಸುಂಕ ಇಲ್ಲದ್ದನ್ನ ಸುಮ್ನೆ ದಾಟಿಸ್ಬಿಡು, ನಿಲ್ಬೇಡ."

ಹೊತ್ತು ಇಳೀತು, ಮಗ ಬರ್ಲಿಲ್ಲ. ಕೆಮ್ಕೊಂಡು ಕೆಮ್ಕೊಂಡು ಅವಳೇ ಹೋಗಿ ನೋಡಿದ್ರೆ, ಗಂಟು ಕಟ್ಟೆಯಿಂದ ಈಚೆ, ಮಗ ಆಚೆ.

"ಯಾಕೋ ಅಲ್ಲಿ ಕೂತಿದೀಯ?"

"ಶುಂಠಿ ದಾಟಿಸ್ದೆ ಕಣವ್ವ. ನಾನು ದಿನಸೀನೂ ಅಲ್ಲ, ಔಷಧೀನೂ ಅಲ್ಲ. ನನ್ನಲ್ಲಿ ನಾಕನೇ ಪಾಲು ಯಾವುದು ಅಂತ ನೋಡ್ತಿದೀನಿ."

ಅವ್ವ ಶುಂಠಿ ಮುರಿದು ಬಾಯಿಗೆ ಹಾಕ್ಕೊಂಡ್ಲು. ಗಂಟಲು ಸಡಿಲ ಆಯ್ತು, ಮಾತು ಸಲೀಸಾಗಿ ಬಂತು. "ತಲೆ ಕೊಟ್ಟು ಬಾರಪ್ಪ, ಹೆಂಗೂ ನಿನಗದು ಕೆಲಸಕ್ಕೆ ಬರಲ್ಲ."

ಚೌಡ ಹೋಗಿ ತಕ್ಕಡೀಲಿ ತಲೆ ಇಟ್ಟ. ಸುಂಕದೋನು ತೂಗಿದ. ಮುಳ್ಳು ಅಲ್ಲಾಡ್ಲಿಲ್ಲ.

"ಇದಕ್ಕೆ ಸುಂಕ ಬರಲ್ಲ ಕಣವ್ವ, ಹಂಗೇ ತಗೊಂಡೋಗು" ಅಂದ.